ವಾಲ್ದೊರಿಯಾ ಮನೆಯ ಚೊಚ್ಚಲು

ನಾನೂ ಸ್ವಲ್ಪ ಕಾಲ ಮಾರ್ಕೇಸಾ, ಅಂದರೆ ದೊರೆಸಾನಿ, ಆಗಿದ್ದವಳೇ. ನಗಬೇಡಿ. ಕಲಾತಾಯೂದ್ ಪೇಟೆಯ ಒಣಮೀನಿನ ಅಂಗಡಿಯವನ ಮಗಳು, ಮದುವೆಯ ದಿನವೂ ಕೈಯ ಮೀನು ವಾಸನೆ ಹೋಗದೆ ನಿಂಬೆಹಣ್ಣು ಉಜ್ಜಿಕೊಂಡವಳು, ವಿಸಿತಾಸಿಯೋನ್ ಎಂಬ ನಾನು, ವಾಲ್ದೊರಿಯಾದ ಮಾರ್ಕೇಸಾ! ಮಾವ ತೀರಿಕೊಂಡು ಪದವಿ ನನ್ನ ಗಂಡ ಫಾದ್ರಿಕೆಗೆ ಬಂದಾಗ ಬ್ರೆಡ್ಡಿನ ಅಂಗಡಿಯವಳು ಬೇಕೆಂದೇ ಊರಿಗೆಲ್ಲ ಕೇಳಿಸುವಂತೆ, "ಮಾರ್ಕೇಸಾ ಅವರಿಗೆ ಇವತ್ತು ಎಷ್ಟು ಬ್ರೆಡ್ಡು ಅಪ್ಪಣೆಯಾಗ್ತದೆ?" ಎಂದು ಕೇಳುತ್ತಿದ್ದಳು. "ಒಂದು ಕೊಡೇ, ನಿನ್ನ ತಲೆಗಿಂತ ಮೆತ್ತಗಿರೋದು ನೋಡಿ ಕೊಡು" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಆಗ ಎಲ್ಲದಕ್ಕೂ ನಗು ಬರುತ್ತಿತ್ತು.

ಮನೆತನದ ಕತೆ ಉದ್ದವೇನಿಲ್ಲ. ಪ್ರತಿ ಭಾನುವಾರ ಕುರಿಮರಿ ಮಾಂಸದ ತಟ್ಟೆಯ ಮುಂದೆ ಕೂತು ನನ್ನ ಗಂಡ ಹೇಳುತ್ತಿದ್ದುದರಲ್ಲಿ ಅರ್ಧ ಬಿಟ್ಟು ಹೇಳುತ್ತೇನೆ. ಮೂಲಪುರುಷ ದೋನ್ ಬೆಲ್ತ್ರಾನ್ ಹೇಸರಗತ್ತೆ ಸಾಕಿ ಮಾರುತ್ತಿದ್ದವನು. ಯಾವುದೋ ಯುದ್ಧಕ್ಕೆ ರಾಜನಿಗೆ ಹಿಂಡುಗಟ್ಟಲೆ ಹೇಸರಗತ್ತೆ ಹೊಡೆದುಕೊಟ್ಟ. ರಾಜನ ಬೊಕ್ಕಸ ಖಾಲಿ. ತಗೋ, ನೀನಿನ್ನು ವಾಲ್ದೊರಿಯಾದ ಮಾರ್ಕೇಸ್ ಎಂದುಬಿಟ್ಟ. ಆಮೇಲೆ ಬಂದವರಲ್ಲಿ ಒಬ್ಬ ಸೋಲುವ ರಾಜನ ಕಡೆ ಸೇರಿ ಹೊಲಗಳನ್ನು ಕಳೆದ, ಇನ್ನೊಬ್ಬ ಇಸ್ಪೀಟಿನಲ್ಲಿ ದ್ರಾಕ್ಷಿ ತೋಟ ಕಳೆದ. ನನ್ನ ಮಾವ ದೋನ್ ಗಾಸ್ಪಾರ್ ಕಾಲಕ್ಕೆ ರಾಜನೂ ಹೋಗಿ, ಪದವಿಗಳನ್ನೇ ಕಾನೂನು ಅಳಿಸಿಹಾಕಿತ್ತು. ಕೆಲವು ವರ್ಷಗಳ ನಂತರ ಹೊಸ ದೊರೆತನ ಅವನ್ನು ಮತ್ತೆ ಎತ್ತಿ ನಿಲ್ಲಿಸಿತು, ಆಮೇಲೆ ರಾಜನೂ ಮರಳಿ ಬಂದ. ಅಷ್ಟರಲ್ಲಿ ಉಳಿದದ್ದು ಸೋರುವ ಒಂದು ಮನೆ, ಚರ್ಚಿನ ನೆಲದಡಿ ಒಂದು ಸಮಾಧಿ ಕೋಣೆ, ಮತ್ತೆ ಆ ಹೆಸರು. ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದ ಹೇಸರಗತ್ತೆಯ ಕಿವಿಯನ್ನು ಯಾರೋ ಒಬ್ಬ ಮಾರ್ಕೇಸ್ ಉಳಿಯಿಂದ ಮೊಟಕು ಮಾಡಿಸಿ ಅದನ್ನು ಕುದುರೆಯಾಗಿಸಿದ್ದ. ಅಂಥ ಜನ.

ಆ ಮನೆಯಲ್ಲಿ ಎರಡು ಪದ್ಧತಿ. ಒಂದು, ನೆಲದಡಿಯ ಕೋಣೆಯಲ್ಲಿ ಪದವಿ ಹೊತ್ತವರು ಮತ್ತು ಅವರನ್ನು ಮದುವೆಯಾದವರು ಮಾತ್ರ ಮಲಗಬೇಕು. ಉಳಿದ ಮಕ್ಕಳು ಸತ್ತರೆ ಊರಿನ ಸ್ಮಶಾನದ ಗೋಡೆಯಲ್ಲಿ, ಪೆಟ್ಟಿಗೆ ತೂರಿಸಿ ಕಲ್ಲು ಮುಚ್ಚುವ ಗೂಡಿಗೆ. ಮಾವನನ್ನು ಇಳಿಸಿದ ಮೇಲೆ ಅಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಆ ತೇವದಲ್ಲಿ ನಾನಂತೂ ಬರೋಲ್ಲಪ್ಪ, ನೀನೇ ಇಟ್ಟುಕೋ ಎಂದು ಗಂಡನಿಗೆ ಹೇಳಿದ್ದೆ.

ಎರಡನೆಯದು ಅಂಗಿ. ದೋನ್ ಬೆಲ್ತ್ರಾನನ ಹೆಂಡತಿ ಮೊದಲ ಮಗುವಿನ ಜ್ಞಾನಸ್ನಾನಕ್ಕೆಂದು ಬಿಳಿ ಲಿನನ್ನಿನ ಉದ್ದದ ಅಂಗಿ ಹೊಲಿದಿದ್ದಳು. ಅಂದಿನಿಂದ ಮನೆಯ ಚೊಚ್ಚಲು ಮಗು ಅದೇ ಅಂಗಿಯಲ್ಲಿ ಚರ್ಚಿಗೆ ಹೋಗಬೇಕು, ಆಮೇಲೆ ಹುಟ್ಟಿದವಕ್ಕೆ ಸಾದಾ ಬಟ್ಟೆ. ಚೊಚ್ಚಲು ಹೆಣ್ಣಾದರೂ ಅಂಗಿ ಅವಳಿಗೇ. ಪದವಿ ಮಾತ್ರ ಆಮೇಲೆ ಹುಟ್ಟಿದ ತಮ್ಮನಿಗೆ. ಹೆಣ್ಣಿಗೆ ಅರ್ಧ ಗಂಟೆಯ ಮರ್ಯಾದೆ ಸಾಕು ಎಂದುಕೊಂಡಿದ್ದರೇನೋ.

ನನ್ನ ಗಂಡ ಫಾದ್ರಿಕೆ ಮತ್ತು ಅವನಕ್ಕ ಲೆಯೊಕಾದಿಯಾ ಅವಳಿಗಳು. ಅವನಕ್ಕ ಎಂದೆ ನೋಡಿ, ನಾಲಿಗೆ ಜಾರಿತು. ಯಾರು ಅಕ್ಕ, ಯಾರು ಅಣ್ಣ ಎನ್ನುವುದೇ ಈ ಕತೆ. ದೋನ್ ಗಾಸ್ಪಾರ್ ಊರ ಕಚೇರಿಗೆ ಹೋಗಿ, "ಇಬ್ಬರೂ ಬೆಳಗಿನ ಜಾವ ಹುಟ್ಟಿದ್ರು, ಒಂದು ಗಂಡು, ಒಂದು ಹೆಣ್ಣು" ಎಂದಷ್ಟೇ ಬರೆಸಿ ಬಂದಿದ್ದ. ಯಾರು ಮೊದಲು ಎಂದು ಗುಮಾಸ್ತ ಕೇಳಿದ್ದಕ್ಕೆ, "ಗಂಡು ಇದೆಯಲ್ಲಪ್ಪ, ಇನ್ನು ಯಾರು ಮೊದಲಾದರೇನು?" ಎಂದನಂತೆ. ಈ ಮಾತನ್ನು ಆತ ದೊಡ್ಡ ತಮಾಷೆಯೆಂದು ಮುಪ್ಪಿನಲ್ಲೂ ಹೇಳಿಕೊಂಡು ನಗುತ್ತಿದ್ದ. ಸೂಲಗಿತ್ತಿ ಸತ್ತು ಎಷ್ಟೋ ಕಾಲವಾಗಿತ್ತು. ನಿಜ ಗೊತ್ತಿದ್ದದ್ದು ಅತ್ತೆ ದೋನ್ಯಾ ಬಿಬಿಯಾನಾಗೆ ಮಾತ್ರ.

ಮದುವೆಯಾದ ಹೊಸದರಲ್ಲಿ ಒಂದು ದಿನ ಫಾದ್ರಿಕೆ ಬೀರುವಿನಿಂದ ನೀಲಿ ಕಾಗದದ ಪೊಟ್ಟಣ ತೆಗೆದ. ಒಳಗೆ ಮೊಳದುದ್ದದ ಹಳೆಯ ಬಿಳಿ ಬಟ್ಟೆ, ಅಂಚಿಗೆ ಲೇಸು, ಒಂದು ಮೂಲೆಯಲ್ಲಿ ಕಸೂತಿಯ ಕುದುರೆಯ ತಲೆ, ಮುಂಗಾಲು, ಕಿವಿ ಮಾತ್ರ ಯಾಕೋ ಉದ್ದ.

"ಚೊಚ್ಚಲ ಅಂಗಿ ಕಣೆ ವಿಸಿ. ಉಳಿದದ್ದನ್ನ ನಾವು ಹುಟ್ಟೋಕೆ ಮುಂಚೇನೇ ಯುದ್ಧಕಾಲದಲ್ಲಿ ಇಲಿ ತಿಂದುಬಿಟ್ವು ಅಂತ ಅಮ್ಮ ಹೇಳಿದ್ಲು. ನಾನೇ ಮೊದಲು ಹುಟ್ಟಿದ್ದಂತೆ. ಆದ್ರೆ ಲೆಯೊ ಹತ್ರ ಬಾಯಿ ಬಿಡಬೇಡ. ಪಾಪ, ಅವಳಿಗೆ ಪದವಿಯೂ ಇಲ್ಲ, ಇದೂ ಇಲ್ಲ ಅಂದ್ರೆ ಎದೆ ಒಡ್ಕೊಳ್ತಾಳೆ."

ಆ ವರ್ಷವೇ ಬೇಸಿಗೆಯಲ್ಲಿ ನಾನೂ ಲೆಯೊಕಾದಿಯಾಳೂ ವೈನಿನಲ್ಲಿ ನೆನೆಹಾಕಲು ಪೀಚ್ ಹಣ್ಣು ಸುಲಿಯುತ್ತಾ ಕೂತಿದ್ದೆವು. ಅವಳು ಇದ್ದಕ್ಕಿದ್ದಂತೆ ದನಿ ತಗ್ಗಿಸಿದಳು.

"ನಿನಗೆ ಒಂದು ಮಾತು ಹೇಳ್ತೀನಿ, ನಿನ್ನ ಗಂಡನಿಗೆ ಹೇಳಬಾರ್ದು. ಮೊದಲು ಹುಟ್ಟಿದ್ದು ನಾನು. ಅಮ್ಮನೇ ಹೇಳಿದ್ದು. ಚೊಚ್ಚಲ ಅಂಗೀಲಿ ಉಳಿದಿರೋ ಚೂರು ನನ್ನ ಹತ್ರಾನೇ ಇದೆ. ಫಾದ್ರಿಕೆಗೆ ತಿಳಿದ್ರೆ ಕೊರಗ್ತಾನೆ, ಅವನು ಮೊದ್ಲೇ ಮೆತ್ತಗಿನ ಜೀವ."

ನಾನು ಹಣ್ಣಿನ ಬುಟ್ಟಿಗೆ ಮುಖ ಬಗ್ಗಿಸಿ ನಗು ತಡೆದುಕೊಂಡೆ. ಅತ್ತೆಯ ಕಿಲಾಡಿತನ ಅರ್ಥವಾಗಿತ್ತು. ಎರಡು ಮಕ್ಕಳಿಗೂ ಗುಟ್ಟಾಗಿ ಒಂದೇ ಮಿಠಾಯಿ ತಿನ್ನಿಸಿದ್ದಳು. ಇಬ್ಬರೂ ಅದನ್ನು ದವಡೆಯಲ್ಲಿಟ್ಟುಕೊಂಡು, ಇನ್ನೊಬ್ಬರಿಗೆ ಸಿಗಲಿಲ್ಲವಲ್ಲ ಎಂದು ಮರುಗುತ್ತಾ, ಅದಕ್ಕಾಗಿಯೇ ಒಬ್ಬರನ್ನೊಬ್ಬರು ಅಷ್ಟು ಪ್ರೀತಿಸುತ್ತಾ ಬದುಕಿದ್ದರು. ಅವನು ಅವಳಿಗೆ ಮೊದಲ ತುತ್ತು ಬಡಿಸುತ್ತಿದ್ದ. ಅವಳು ಅವನ ಅಂಗಿ ಗುಂಡಿಯನ್ನು ನನಗೂ ಮುಟ್ಟಗೊಡದೆ ತಾನೇ ಹೊಲಿಯುತ್ತಿದ್ದಳು. ಇದಕ್ಕಿಂತ ಚೆಂದದ ಸುಳ್ಳು ಯಾವ ತಾಯಿ ಹೇಳಿದ್ದಾಳೆ ಹೇಳಿ? ಅತ್ತೆ ಅದನ್ನು ಒಡೆಯದೆಯೇ ಕಣ್ಣು ಮುಚ್ಚಿದಳು.

ಲೆಯೊಕಾದಿಯಾ ಮದುವೆಯಾಗಲಿಲ್ಲ. ನಮಗೂ ಮಕ್ಕಳಾಗಲಿಲ್ಲ. ಮಾವ ಹಾಸಿಗೆ ಹಿಡಿದಾಗ ಅವನ ಉಚ್ಚೆ ಬಟ್ಟೆ ಒಗೆದವಳು, ಗಂಜಿ ಕುಡಿಸಿದವಳು, ಬೈಸಿಕೊಂಡವಳು ಎಲ್ಲ ಅವಳೇ. ಫಾದ್ರಿಕೆ ಬಂದು ಕಾಲ ಬಳಿ ಕೂತು ಅಜ್ಜ ಮುತ್ತಜ್ಜರ ಕತೆ ಹೇಳಿ ಹೋಗುತ್ತಿದ್ದ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಮುಂದೆ ಮಾರ್ಕೇಸ್ ಆಗುವುದೊಂದನ್ನೇ ಅವನಿಗೆ ಕಲಿಸಿದ್ದರು. ಕೊನೆಯ ಬೆಳಿಗ್ಗೆ ಅವಳು ನೀರು ಹನಿಸುತ್ತಿದ್ದರೆ ಮುದುಕ ಅವಳ ಕೈ ಸರಿಸಿ, "ಮಾರ್ಕೇಸ್ ಬಂದನೇ? ನನ್ನ ಮೊದಲನೆಯವನು ಬಂದನೇ?" ಎಂದ. ಬಾಗಿಲಲ್ಲಿ ನಿಂತಿದ್ದ ನಾನು ಅವಳ ಮುಖ ನೋಡಿದೆ. ಅವಳು ಬಟ್ಟಲು ಕೆಳಗಿಟ್ಟು ತೋಳಿಗೇ ಮುಖ ಒರೆಸಿಕೊಂಡಳು.

ಅದು ಶರತ್ಕಾಲ. ಮರುವರ್ಷ ಮಾದ್ರಿದಿನಲ್ಲಿ ಹೊಸ ಕಾನೂನು ಬಂತು. ಇನ್ನು ಪದವಿಗೆ ಗಂಡು ಹೆಣ್ಣು ಭೇದವಿಲ್ಲ, ಮೊದಲು ಹುಟ್ಟಿದವರೇ ಹಕ್ಕುದಾರರು. ಹಿಂದಿನ ಬೇಸಿಗೆಯಿಂದೀಚೆಗೆ ಸತ್ತವರ ಪದವಿಗೂ ಅದು ಅನ್ವಯಿಸುತ್ತದಂತೆ. ಟಿವಿಯಲ್ಲಿ ಸುದ್ದಿ ಬಂದಾಗ ನಾವು ಮೂವರೂ ಭಾನುವಾರದ ಊಟಕ್ಕೆ ಕೂತಿದ್ದೆವು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಇಬ್ಬರೂ ಮುಗುಳ್ನಕ್ಕರು. ಇನ್ನೊಬ್ಬರಿಗೆ ಇದೂ ಸಿಗೋಲ್ಲವಲ್ಲ, ಪಾಪ, ಎಂದು ಇಬ್ಬರೂ ಅಂದುಕೊಂಡಿದ್ದರು!

ಲೆಯೊಕಾದಿಯಾಳೇ ಮೊದಲು ಬಾಯಿ ತೆರೆದಳು. "ಫಾದ್ರಿಕೆ, ನಿನ್ನ ಮನಸ್ಸು ನೋಯಿಸಬೇಕಂತಲ್ಲ. ನೀನು ಮಾರ್ಕೇಸ್ ಅಂತಾನೇ ಓಡಾಡು, ನನಗೇನಿಲ್ಲ. ಆದ್ರೆ ಚೊಚ್ಚಲು ನಾನು ಅಂತ ಒಂದು ಸಲ ನಿನ್ನ ಬಾಯಲ್ಲಿ ಹೇಳು. ಅಪ್ಪ ಹೇಳಲಿಲ್ಲ. ನೀನು ಹೇಳು, ಸಾಕು."

"ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳು ಲೆಯೊ," ಎಂದ ಅವನು, ತುಂಬ ಮೆತ್ತಗೆ. "ಮೊದಲು ಹುಟ್ಟಿದ್ದು ನಾನು. ಅಮ್ಮ ನನಗೆ ಹೇಳಿದ್ದಾಳೆ."

"ಅಮ್ಮ ಹೇಳಿದ್ದು ನನಗೆ."

"ಸತ್ತವಳ ಮೇಲೆ ಸುಳ್ಳು ಹೇಳ್ಬೇಡ ಕಣೆ."

"ಸುಳ್ಳು ಹೇಳ್ತಿರೋನು ನೀನು! ಎಲ್ಲ ಸಿಕ್ಕಿದ್ದು ನಿನಗೆ, ಇದೊಂದನ್ನೂ ಕಿತ್ಕೋಬೇಕಾ?"

ನಾನು ಚಮಚ ಎತ್ತಿ ಮೇಜಿಗೆ ಕುಟ್ಟಿದೆ. "ಅಯ್ಯೋ ನಿಮ್ಮ ಮನೆ ಕಾಯೋಗ, ಇಬ್ಬರಿಗೂ ಹೇಳಿದ್ದಾಳೆ ಕಣ್ರೋ ಆಕೆ! ಇಬ್ಬರೂ ನನ್ನ ಕಿವೀಲಿ ಊದಿದ್ದೀರಿ. ನಿಮ್ಮಿಬ್ಬರನ್ನೂ ಸಮಾಧಾನ ಮಾಡೋಕೆ ಹೇಳಿದ್ದು!"

ಅದೊಂದೇ ಮಾತಿನಲ್ಲಿ ಇಬ್ಬರೂ ಒಂದಾದರು. ಇಬ್ಬರೂ ನನ್ನ ಕಡೆ ತಿರುಗಿ, "ನನ್ನಮ್ಮ ನನಗೆ ಸುಳ್ಳು ಹೇಳೋಳಲ್ಲ" ಎಂದರು. ಒಣಮೀನಿನವಳಿಗೆ ಇದೆಲ್ಲ ಏನು ತಿಳಿದೀತು ಎನ್ನುವ ನೋಟ. ಲೆಯೊಕಾದಿಯಾ ಕೋಟು ಹಾಕಿಕೊಂಡು ಎದ್ದಳು. ಕುರಿಮರಿ ಮಾಂಸ ತಟ್ಟೆಯಲ್ಲೇ ತಣ್ಣಗಾಗಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಅದಾದ ಮೇಲೆ ನಮ್ಮ ಮನೆಯಲ್ಲಿ ಭಾನುವಾರ ಕುರಿಮರಿ ಬೇಯಲಿಲ್ಲ.

ಅವಳು ದಾವೆ ಹಾಕಿದಳು. ದುಡ್ಡಿಗಲ್ಲ, ಆ ಪದವಿಯಲ್ಲಿ ಒಂದು ಕವಡೆಯೂ ಇರಲಿಲ್ಲ. ಪದವಿ ಯಾರದ್ದೆಂದು ನ್ಯಾಯಾಧೀಶರು ಹೇಳಿದರೆ ಅಮ್ಮನ ಚೊಚ್ಚಲು ಯಾರೆಂದು ಹೇಳಿದಂತೆ, ಅಷ್ಟೇ. ಇಬ್ಬರಿಗೂ ಬೇಕಿದ್ದದ್ದು ಅದೊಂದೇ. "ಬಿಟ್ಟುಬಿಡೋ, ಅವಳು ಅಷ್ಟು ದುಡಿದಿದ್ದಾಳೆ, ಹೇಳಿಬಿಡು ಒಂದು ಮಾತು" ಎಂದು ನಾನು ಫಾದ್ರಿಕೆಯ ಕಾಲು ಹಿಡಿಯುವುದೊಂದು ಬಾಕಿ. "ಪದವಿ ಕೊಟ್ಟೇನು ವಿಸಿ. ಅಮ್ಮನ್ನ ಹೇಗೆ ಕೊಡಲಿ?" ಎಂದ. ಬೀದಿಯಲ್ಲಿ ಎದುರಾದರೆ ಇಬ್ಬರೂ ಗಾಳಿಗೆ ಕೊರಳಪಟ್ಟಿ ಎತ್ತಿಕೊಂಡು ಆಚೆ ಈಚೆ ಮುಖ ತಿರುಗಿಸುತ್ತಿದ್ದರು. ಗಾಳಿಯಿಲ್ಲದ ದಿನವೂ.

ವಿಚಾರಣೆಯ ದಿನ ಸರಗೋಸಾ ನಗರದ ಕೋರ್ಟಿಗೆ ಅರ್ಧ ಊರೇ ಬಸ್ಸು ಹತ್ತಿತ್ತು. ಬ್ರೆಡ್ಡಿನವಳು ಬುತ್ತಿ ಕಟ್ಟಿಕೊಂಡು ಬಂದಿದ್ದಳು. ನ್ಯಾಯಾಧೀಶೆ ಸಣ್ಣ ವಯಸ್ಸಿನವಳು, ಕಷ್ಟಪಟ್ಟು ಗಂಭೀರವಾಗಿ ಕೂತಿದ್ದಳು.

"ನೀವೇ ಮೊದಲು ಹುಟ್ಟಿದ್ದು ಅನ್ನೋಕೆ ಏನು ಆಧಾರ, ಸೆನ್ಯೋರಾ?"

"ನಮ್ಮ ಮನೆಯ ಚೊಚ್ಚಲ ಅಂಗಿ, ನನ್ನ ತಾಯಿ ನನ್ನ ಕೈಗೆ ಕೊಟ್ಟದ್ದು," ಎಂದು ಲೆಯೊಕಾದಿಯಾ ಚೀಲದಿಂದ ಪೊಟ್ಟಣ ತೆಗೆದಳು. ನೀಲಿ ಕಾಗದ. ಅದೇ ನೀಲಿ.

ಫಾದ್ರಿಕೆ ಎದ್ದು ನಿಂತ. "ಅದು ನನ್ನ ಹತ್ತಿರ ಇದೆ," ಎಂದು ಕೋಟಿನ ಒಳಜೇಬಿಗೆ ಕೈ ಹಾಕಿದ. ಅದನ್ನು ತಂದದ್ದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಲೆಗೆ ಹಾಕುತ್ತಿದ್ದೆ, ದೇವರಾಣೆ.

ಎರಡು ಬಟ್ಟೆಗಳನ್ನೂ ಮೇಜಿನ ಮೇಲೆ ಬಿಡಿಸಿದರು. ಅವಳದ್ದರಲ್ಲೂ ಮೊಳದುದ್ದದ ಲಿನನ್ನು, ಅದೇ ಲೇಸು. ಮೂಲೆಯಲ್ಲಿ ಕಸೂತಿಯ ಎರಡು ಹಿಂಗಾಲು, ಒಂದು ಬಾಲ. ಕತ್ತರಿಸಿದ ಅಂಚನ್ನು ಎರಡರಲ್ಲೂ ಒಂದೇ ಕೈ ಮಡಚಿ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು. ಗುಮಾಸ್ತ ಅವನ್ನು ಒಂದರ ಪಕ್ಕ ಒಂದು ಸರಿಸಿದ. ತಲೆಯ ತುಂಡು ಬಾಲದ ತುಂಡಿಗೆ ಬಂದು ಕೂಡಿತು. ದೋನ್ ಬೆಲ್ತ್ರಾನನ ಹೆಂಡತಿ ಹೊಲಿದಿದ್ದ ಉದ್ದ ಕಿವಿಯ ಹೇಸರಗತ್ತೆ ಇಡಿಯಾಗಿ ಮೇಜಿನ ಮೇಲೆ ನಿಂತಿತು.

ಹಿಂದಿನ ಬೆಂಚಿನಲ್ಲಿ ಯಾರೋ, "ತಲೆ ಇವನಿಗೆ, ಬಾಲ ಅವಳಿಗೆ!" ಎಂದರು. ಇಡೀ ಕೋಣೆ ಘೊಳ್ಳೆಂದಿತು. ನ್ಯಾಯಾಧೀಶೆಯೂ ಬಾಯಿಗೆ ಕೈ ಅಡ್ಡ ಹಿಡಿದಳು. ನಗದಿದ್ದವರು ನಾವು ಮೂವರು. ಫಾದ್ರಿಕೆ ಆ ಹೊಲಿಗೆಯನ್ನೇ ನೋಡುತ್ತಿದ್ದ. ಲೆಯೊಕಾದಿಯಾ ಬೆರಳಿಟ್ಟು ಅದರ ಮೇಲೆ ಎಳೆದಳು. ಅಮ್ಮನ ಕೈ ಅವರಿಬ್ಬರಿಗೂ ಗುರುತು ಸಿಗದೇ ಇರುತ್ತದೆಯೇ? ಅವಳು ತಲೆ ಎತ್ತಿ ಅವನನ್ನು ನೋಡಿದಳು. ಆ ಕ್ಷಣ ಅವನೊಂದು ಮಾತು ಆಡಿದ್ದರೆ, ಅವಳೊಂದು ಹೆಜ್ಜೆ ಇಟ್ಟಿದ್ದರೆ, ಎಂದು ನಾನು ಈಗಲೂ ಮೈ ಪರಚಿಕೊಳ್ಳುತ್ತೇನೆ. ಅವನು ತನ್ನ ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ನಡೆದುಬಿಟ್ಟ.

ಮನೆ ಮುಟ್ಟಿದ ಮೇಲೆ, "ನನಗೆ ಸುಳ್ಳು ಹೇಳಿದ್ಲು ಅಮ್ಮ" ಎಂದ.

"ಪ್ರೀತಿಗೆ ಹೇಳಿದ್ಲು ಕಣೋ."

"ಪ್ರೀತಿಗೇ ಹೇಳಿದ್ದು. ಆದ್ರೂ ಸುಳ್ಳೇ. ಈ ವಯಸ್ಸಿಗೆ ಬಂದು ನಾನು ಯಾರು ಅಂತ ನನಗೇ ಗೊತ್ತಿಲ್ಲ ವಿಸಿ."

ಮರುದಿನವೇ ವಕೀಲನಿಗೆ ಫೋನು ಮಾಡಿ, ಇನ್ನು ವಾದ ಬೇಡ, ಪದವಿ ಅವಳಿಗೇ ಹೋಗಲಿ ಎಂದುಬಿಟ್ಟ. ನನಗೆ ಒಳಗೊಳಗೇ ಸಮಾಧಾನ. ಇನ್ನು ಇಬ್ಬರೂ ಸರಿಹೋಗುತ್ತಾರೆ ಎಂದುಕೊಂಡೆ. ಎಂಥ ಪೆದ್ದಿ ನಾನು. ಹುಟ್ಟಿದಾಗಿನಿಂದ ಒಂದು ಕೆಲಸಕ್ಕೆಂದು ಸಾಕಿದ ಮನುಷ್ಯ ಅದನ್ನು ಬಿಟ್ಟ ಮೇಲೆ ಯಾವುದನ್ನು ಹಿಡಿದು ಏಳಬೇಕು? ಗಡ್ಡ ಬೋಳಿಸುವುದು ಬಿಟ್ಟ. ಕಿಟಕಿ ಬಳಿ ಕುರ್ಚಿ ಹಾಕಿಕೊಂಡು ಎದುರಿನ ಗೋಡೆ ನೋಡುತ್ತಿದ್ದ. ರೇಗಿದೆ, ಬೈದೆ, ಬೆಳ್ಳುಳ್ಳಿ ಸಾರು ಮಾಡಿ ಬಾಯಿಗೆ ಹಿಡಿದೆ. "ಕುಡಿಯೋ, ನನ್ನ ರಾಜ, ನಿನ್ನ ದಮ್ಮಯ್ಯ" ಎಂದರೆ, "ನಾನು ರಾಜನೂ ಅಲ್ಲ, ಎರಡನೆಯವನೂ ಅಲ್ಲ, ಮೊದಲನೆಯವನೂ ಅಲ್ಲ" ಎನ್ನುತ್ತಿದ್ದ. ಲೆಯೊಕಾದಿಯಾಳ ಮನೆ ಬಾಗಿಲಿಗೆ ಹೋಗಿ ಗೋಗರೆದೆ. "ಬಂದು ಒಂದು ಸಲ ಕೂತು ಹೋಗೆ. ಸೋತಿದ್ದಾನೆ, ಸಾಯ್ತಾನೆ."

"ನಾನು ಗೆದ್ದಿದ್ದೀನಿ ಅಂದ್ಕೊಂಡ್ಯಾ?" ಎಂದಳು ಅವಳು, ಬಾಗಿಲು ಅರ್ಧ ತೆರೆದು. "ಅವನ ಮುಖ ನೋಡಿದ್ರೆ ಅಮ್ಮ ನಂಗೆ ಹೇಳಿದ ಸುಳ್ಳೇ ಕಾಣ್ತದೆ. ನನ್ನಿಂದ ಆಗೋಲ್ಲ ವಿಸಿ. ಇನ್ನೂ ಸ್ವಲ್ಪ ದಿನ ಹೋಗ್ಲಿ."

ಸ್ವಲ್ಪ ದಿನ ಎಲ್ಲಿತ್ತು? ಚಳಿ ಹಿಡಿಯುತ್ತಿದ್ದಂತೆ ಅವನ ಎದೆಗೆ ಕಫ ಇಳಿಯಿತು. ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿ ಹೋದ ಮೇಲೆ ನನ್ನ ಕೈ ಹಿಡಿದು, "ಆ ಕೋಣೆಗೆ ನನ್ನ ಇಳಿಸಬೇಡ. ಅದು ಅವಳ ಜಾಗ. ನನ್ನ ಗೋಡೇಲಿಡು" ಎಂದ. ಅದೇ ಅವನ ಕೊನೆಯ ಪೂರ್ತಿ ಮಾತು.

ಗೋಡೆಯಲ್ಲೇ ಇಟ್ಟೆ. ಸ್ಮಶಾನದ ಬಡಗಣ ಗೋಡೆ, ಮೂರನೆಯ ಸಾಲು. ಪಕ್ಕದ ಗೂಡನ್ನು ನನಗೆಂದು ಆಗಲೇ ತೆಗೆದುಕೊಂಡೆ. ಅವನ ಕೋಟಿನ ಒಳಜೇಬಿನಲ್ಲಿ ನೀಲಿ ಪೊಟ್ಟಣವನ್ನೂ ಹಾಗೇ ಬಿಟ್ಟೆ. ಲೆಯೊಕಾದಿಯಾ ಬಂದಿದ್ದಳು, ಕಪ್ಪು ಬಟ್ಟೆ ತೊಟ್ಟು, ಗೇಟಿನಾಚೆ ಸೈಪ್ರೆಸ್ ಮರದ ಹಿಂದೆ. ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಅವಳಿಗೆ ರಾಜನ ಹೆಸರಿನಲ್ಲಿ ಪದವಿ ಬಂತು. ಊರವರು "ಮಾರ್ಕೇಸಾ" ಎಂದು ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಕೆಲವು ವರ್ಷ ನಾವಿಬ್ಬರೂ ಚರ್ಚಿನಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂತು ಒಂದೇ ದೇವರಿಗೆ ಕೈ ಮುಗಿದೆವು. ಆಮೇಲೊಂದು ದಿನ ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದಳು. ತೀರಾ ಇಳಿದುಹೋಗಿದ್ದಳು, ಚರ್ಮ ಹಳದಿ. ವೈದ್ಯರು ಕೈ ಚೆಲ್ಲಿದ್ದಾರೆ ಎಂದು ಊರಲ್ಲೆಲ್ಲ ಸುದ್ದಿ ಹಬ್ಬಿತ್ತು.

ಅಡುಗೆಮನೆಯಲ್ಲಿ ಕೂತಳು. ಅವನ ಕುರ್ಚಿಯಲ್ಲಲ್ಲ, ಪಕ್ಕದ್ದರಲ್ಲಿ.

"ನಿನ್ನ ಗೂಡು ನಂಗೆ ಕೊಡು ವಿಸಿ," ಎಂದಳು.

"ಏನಂದೆ?"

"ಅವನ ಪಕ್ಕದ್ದು. ನೆಲದಡಿಯ ಆ ಜಾಗ ನಂಗೆ ಬೇಡ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಥೂ ನಿನ್ನ! ಬದುಕಿದ್ದಾಗ ಬಂದು ಕೂರು ಅಂತ ಬಾಗಿಲಲ್ಲಿ ನಿಂತು ಭಿಕ್ಷೆ ಬೇಡಿದ್ನಲ್ಲೇ, ಆಗೆಲ್ಲಿ ಹೋಗಿತ್ತು ಈ ಪ್ರೀತಿ? ಈಗ ಸತ್ತವನ ಪಕ್ಕಾನೂ ನಿಂಗೇ ಬೇಕಾ? ಅವನ ಜೊತೆ ಸಂಸಾರ ಮಾಡಿದೋಳು ನಾನು! ಅವನ ಪಕ್ಕ ಮಲಗಿದೋಳು ನಾನು!"

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ನಿನಗಿಂತ ಮುಂಚೆ ಮಲಗಿದೋಳು ನಾನು ಕಣೆ," ಎಂದಳು. "ಅಮ್ಮನ ಹೊಟ್ಟೇಲಿ. ಅಲ್ಲಿ ಯಾರೂ ಮೊದಲಿರಲಿಲ್ಲ. ಅಲ್ಲಿಗೆ ವಾಪಸ್ ಹೋಗ್ಬೇಕು ನಂಗೆ."

ಚೀಲದಿಂದ ತನ್ನ ನೀಲಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. "ಅವನದ್ದೆಲ್ಲಿ? ಎರಡನ್ನೂ ಸೇರಿಸಿ ಹೊಲಿದುಬಿಡ್ತೀನಿ. ಇನ್ನೂ ಕಣ್ಣು ಕಾಣ್ತದೆ."

"ಅವನ ಜೊತೇಲೇ ಹೋಯ್ತು," ಎಂದೆ.

ಅವಳು ಪೊಟ್ಟಣವನ್ನು ಸವರಿದಳು. "ಹಾಗಾದ್ರೆ ನಂದೂ ನನ್ನ ಜೊತೆಗಿಡು" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಇಬ್ಬರು ಮುದುಕಿಯರು, ಒಂದು ಹೇಸರಗತ್ತೆಯ ಬಾಲದ ಮೇಲೆ.

ಗೂಡು ಕೊಟ್ಟೆ. ಏನು ಮಾಡಲಿ, ಕೊಡದೆ ಇರಲಾಗಲಿಲ್ಲ. ಬಾದಾಮಿ ಹೂ ಬಿಡುವ ಹೊತ್ತಿಗೆ ಅವಳನ್ನು ಅಲ್ಲಿಟ್ಟೆವು. ಪದವಿ ಕೇಳಲು ಯಾರೂ ಬರಲಿಲ್ಲ. ಎಲ್ಲೋ ದೂರದ ಸಂಬಂಧಿಯೊಬ್ಬನಿದ್ದಾನಂತೆ, ಹೇಸರಗತ್ತೆ ಮಾರ್ಕೇಸ್ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಬೇಡವೆಂದನಂತೆ. ನೆಲದಡಿಯ ಕೋಣೆಯಲ್ಲಿ ಆ ಕೊನೆಯ ಜಾಗ ಖಾಲಿಯೇ ಇದೆ. ನಾನು ಅಲ್ಲಿಗೆ ಸೇರಿದವಳಲ್ಲ, ಈಗ ಗೋಡೆಯಲ್ಲೂ ಅವನ ಪಕ್ಕ ನನಗೆ ಜಾಗವಿಲ್ಲ. ಎಲ್ಲಾದರೂ ಇಡುತ್ತಾರೆ ಬಿಡಿ.

ಅವಳನ್ನು ಒಳಗೆ ಸರಿಸಿದ ದಿನ ನಾನು ಕಲ್ಲು ಮುಚ್ಚುವವನ ತೋಳು ಹಿಡಿದುಕೊಂಡೆ. ಎರಡು ಗೂಡುಗಳ ನಡುವೆ ಇಟ್ಟಿಗೆಯ ಗೋಡೆಯಿತ್ತು, ಒಂದು ಗೇಣು ದಪ್ಪ.

"ಅಲ್ಲೊಂದು ಇಟ್ಟಿಗೆ ತೆಗೀತೀಯೇನಪ್ಪ? ಒಂದೇ ಒಂದು. ಕೈ ತೂರುವಷ್ಟು."

"ಆಗೋಲ್ಲ ಸೆನ್ಯೋರಾ," ಎಂದ ಅವನು, ಪಾಪ, ಟೋಪಿ ತೆಗೆದು. "ಅದನ್ನ ತೆಗೆದ್ರೆ ಮೇಲಿನ ಸಾಲು ಕುಸಿದು ಕೂರ್ತದೆ."

ನಾನು ಅವನ ತೋಳು ಬಿಟ್ಟೆ. ಅವನು ಗಾರೆ ಕಲಸಿ ಕಲ್ಲು ಮುಚ್ಚಿದ.